ಕಿವಿಯಿಂದ ಓದುವವರ ಪುಟ



ಹೋದ ತಿಂಗಳು ಈ ಪುಟಗಳಲ್ಲಿ ಅಡಿಗೆಮನೆಯ ಗ್ಯಾಸಿನ ಮಿತವ್ಯಯದ ವಿಚಾರವನ್ನು ಬರೆದಿದ್ದೆನು. ಈ ತಿಂಗಳು ವೆಬ್‌ಸೈಟುಗಳನ್ನು ಕಟ್ಟುವ ಕಸಬಿನ ವಿಚಾರವಾಗಿ ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದಿದ್ದೇನೆ. “ಗೃಹಸ್ಥರಾದ ನಮಗೆ ಇದರ ಗೊಡವೆಯೇನು?” ಎಂದು ಕೆಲವರು ಕೇಳಬಹುದು. ಆದರೆ ಈಗಿನ ಕಾಲದಲ್ಲಿ ನಮ್ಮ ಬಂಧುವರ್ಗದಲ್ಲಿ ಎಲ್ಲಿ ನೋಡಿದರೂ ಒಬ್ಬ ಹುಡುಗನೋ ಹುಡುಗಿಯೋ ಈ ಕೆಲಸದಲ್ಲಿ ತೊಡಗಿರುವುದು ಕಂಡುಬರುತ್ತದೆ. ಮಿಕ್ಕವರಾದ ನಾವು ವಿದ್ಯುತ್ತಿನ ಬಿಲ್ಲು, ಪಿಂಚಣಿ, ಪಹಣಿ, ರೈಲಿನ ಟಿಕೇಟು ಇವೇ ಮೊದಲಾದ ವ್ಯವಹಾರಗಳಿಗೆಲ್ಲ ಅವರು ಕಟ್ಟಿದ ಬಾಗಿಲುಗಳ ಮುಂದೆಯೇ ನಿಲ್ಲತಕ್ಕವರಾಗಿದ್ದೇವೆ. ಬಾಗಿಲು ಎಲ್ಲರಿಗೂ ತೆರೆಯುವಂತಿದೆಯೇ ಎಂಬುದು ಬಡಗಿಯೊಬ್ಬನಿಗೇ ಸೇರಿದ ಪ್ರಶ್ನೆಯಲ್ಲವಷ್ಟೆ.

ನನ್ನ ತಮ್ಮನ ಮಗಳು ಬಿ.ಸಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಂದೂವರೆ ವರ್ಷದಿಂದ ಮನೆಯಲ್ಲಿಯೇ ಕುಳಿತು ಈ ಕೆಲಸವನ್ನು ಮಾಡುತ್ತಿರುವಳು. ನಮ್ಮ ಊರಿನ ಒಂದು ಸಹಕಾರ ಸಂಘದವರು ಅವಳಿಂದ ಒಂದು ವೆಬ್‌ಸೈಟನ್ನು ಮಾಡಿಸಿದರು. ಸದಸ್ಯರು ತಮ್ಮ ಠೇವಣಿಯನ್ನೂ ಸಾಲದ ಬಾಕಿಯನ್ನೂ ನೋಡಿಕೊಳ್ಳುವುದು, ಸಾಲಕ್ಕೆ ಅರ್ಜಿ ಹಾಕುವುದು, ಕಂತು ಕಟ್ಟುವುದು ಇವೆಲ್ಲವೂ ಅದರಲ್ಲಿಯೇ ಆಗತಕ್ಕದ್ದು. ಕೆಲಸ ಮುಗಿದ ದಿನ ಅವಳು ಮನೆಯವರನ್ನೆಲ್ಲ ಕೂಡಿಸಿ ತೋರಿಸಿದಳು. ಮೇಲ್ಗಡೆ ಹಸುರು ಗದ್ದೆಯ ಚಿತ್ರ; ತಾವಾಗಿಯೇ ಸರಿಯುವ ಪ್ರಕಟಣೆಗಳು; ತಿಳಿಯಾದ ಬೂದುಬಣ್ಣದ ಅಕ್ಷರಗಳು; ಒಂದೊಂದು ಕೆಲಸಕ್ಕೂ ಒಂದೊಂದು ಪುಟ್ಟ ಚಿತ್ರದ ಗುರುತು. ಎಲ್ಲರೂ ಭೇಷ್ ಎಂದರು. ನಾನೂ ಎಂದೆನು. ಅಕ್ಷರಗಳು ಮಾತ್ರ ನನಗೆ ಸ್ವಲ್ಪ ಮಸುಕಾಗಿ ಕಂಡುವು. ಅದು ನನ್ನ ಕನ್ನಡಕದ ದೋಷವೆಂದು ಸುಮ್ಮನಾದೆನು.

ಎರಡು ದಿನಗಳ ಮೇಲೆ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ನಾನು ಉಪಾಧ್ಯಾಯನಾಗಿ ಸೇರಿದ ಮೊದಲನೆಯ ವರ್ಷ ಹತ್ತನೆಯ ತರಗತಿಯಲ್ಲಿದ್ದವನು. ಈಗ ಐವತ್ತು ದಾಟಿದವನು. ಹಿಟ್ಟಿನ ಗಿರಣಿಯನ್ನು ನಡೆಸಿಕೊಂಡಿರುವನು. ಸಕ್ಕರೆ ರೋಗದಿಂದ ಎಂಟು ವರ್ಷಗಳ ಹಿಂದೆ ಅವನ ಎರಡು ಕಣ್ಣುಗಳೂ ಹೋದುವು. ಆದರೂ ಗಿರಣಿಯನ್ನು ಬಿಟ್ಟವನಲ್ಲ. ಯಂತ್ರದ ಸದ್ದನ್ನು ಕೇಳಿಯೂ ಹಿಟ್ಟನ್ನು ಬೆರಳಲ್ಲಿ ಮುಟ್ಟಿಯೂ ಕೆಲಸ ನಡೆಸುವನು.

“ಮೇಷ್ಟ್ರೇ, ಸಂಘದ ಹೊಸ ವೆಬ್‌ಸೈಟು ನಿಮ್ಮ ಮನೆಯ ಮಗು ಮಾಡಿದ್ದಂತೆ. ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ನನ್ನ ಹತ್ತಿರ ಮಾತ್ರ ಅದು ಮಾತಾಡುವುದಿಲ್ಲ” ಎಂದು ಮೊಬೈಲನ್ನು ಮೇಜಿನ ಮೇಲಿಟ್ಟು ಬೆರಳನ್ನು ಮೆಲ್ಲಗೆ ಸರಿಸಿದನು. ಮೊಬೈಲು ಹೇಳತೊಡಗಿತು: “ಚಿತ್ರ. ಚಿತ್ರ. ಲೇಬಲ್ ಇಲ್ಲದ ಬಟನ್. ಲೇಬಲ್ ಇಲ್ಲದ ಬಟನ್. ಇಲ್ಲಿ ಒತ್ತಿ, ಲಿಂಕ್. ಇಲ್ಲಿ ಒತ್ತಿ, ಲಿಂಕ್. ಎಡಿಟ್ ಬಾಕ್ಸ್.” ಎಷ್ಟು ಸಲ ಸರಿಸಿದರೂ ಅದೇ ಪಾಠ. ಒಳಬಾಗಿಲಲ್ಲಿ ಕಾಫಿಯ ಲೋಟ ಹಿಡಿದು ನಿಂತಿದ್ದ ಹುಡುಗಿಯ ಮುಖ ಬಾಡಿಹೋಯಿತು.

“ಅಳಿಯನ ಕೈಲಿ ನೋಡಿಸಿಕೊಳ್ಳಬಾರದೇನಯ್ಯ?” ಎಂದು ನಾನು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಳಿಯ ಒಳ್ಳೆಯವನು ಮೇಷ್ಟ್ರೇ. ಕೇಳಿದರೆ ನೋಡಿ ಹೇಳುತ್ತಾನೆ. ಆದರೆ ಆ ಸಾಲ ಮಗಳ ಮದುವೆಗೆ ಮಾಡಿದ್ದು. ಇನ್ನೂ ಎಷ್ಟು ಉಳಿದಿದೆ ಅಂತ ಅವನ ಬಾಯಲ್ಲೇ ನಾನು ಕೇಳಬೇಕೇ?” ಎಂದನು.

ನನ್ನ ಪ್ರಶ್ನೆಗಾಗಿ ನಾನು ನಾಚಿಕೊಂಡೆನು. ಕಣ್ಣಿಲ್ಲದವನಿಗೆ ಸಹಾಯಮಾಡುವ ಜನ ಇದ್ದಾರಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸಹಾಯಕ್ಕೆ ಜನವಿಲ್ಲದೆ ಅವನು ಬಂದಿರಲಿಲ್ಲ. ತನ್ನ ಮನೆಯ ಲೆಕ್ಕವನ್ನು ತಾನೊಬ್ಬನೇ ನೋಡಿಕೊಳ್ಳುವ ಗೃಹಸ್ಥನ ಸಾಮಾನ್ಯ ಗೌರವವನ್ನು ಅವನು ಬಯಸಿದ್ದನು.

ಕಣ್ಣಿಲ್ಲದವರು ಮೊಬೈಲನ್ನು ಓದುವುದು ಹೇಗೆಂಬುದನ್ನು ಇಲ್ಲಿ ತಿಳಿಸಬೇಕು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ಎಂಬುದೂ, ಆಪಲ್ ಕಂಪೆನಿಯವುಗಳಲ್ಲಿ ವಾಯ್ಸ್‌ಓವರ್ ಎಂಬುದೂ ಇರುತ್ತವೆ. ಇವಕ್ಕೆ ಸ್ಕ್ರೀನ್ ರೀಡರ್, ಎಂದರೆ ಪರದೆಯನ್ನು ಓದಿ ಹೇಳುವ ತಂತ್ರಾಂಶ, ಎಂದು ಹೆಸರು. ಬೆರಳನ್ನು ಪರದೆಯ ಮೇಲೆ ಸರಿಸಿದಂತೆಲ್ಲ ಪುಟದಲ್ಲಿರುವ ಒಂದೊಂದು ಅಂಗವನ್ನೂ ಅದು ಕ್ರಮವಾಗಿ ಹೇಳುತ್ತದೆ; ಬೇಕಾದುದು ಬಂದಾಗ ಎರಡು ಸಲ ತಟ್ಟಿದರೆ ಅದು ತೆರೆಯುತ್ತದೆ. ಕಂಪ್ಯೂಟರಿನಲ್ಲಿ ಇದೇ ಕೆಲಸವನ್ನು ಮಾಡುವ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯಾ ದೇಶದ ಮೈಕೇಲ್ ಕರನ್ ಎಂಬವರು ಆರಂಭಿಸಿದರು. ಜೇಮ್ಸ್ ಟೆ ಎಂಬವರು ಅವರೊಡನೆ ಸೇರಿದರು. ಇಬ್ಬರೂ ದೃಷ್ಟಿಹೀನರು. ಅದನ್ನು ಯಾರು ಬೇಕಾದರೂ ಕಾಸಿಲ್ಲದೆ ಪಡೆಯಬಹುದು.

ಈ ತಂತ್ರಾಂಶವು ಮುಖ್ಯವಾಗಿ ಓದುವುದು ನಮ್ಮ ಕಣ್ಣಿಗೆ ಕಾಣುವ ಬಣ್ಣದ ಪುಟವನ್ನಲ್ಲ. ಅದರ ಹಿಂದೆ ಎಚ್‌ಟಿಎಂಎಲ್ ಎಂಬ ಭಾಷೆಯಲ್ಲಿ ಬರೆದಿರುವ ಮೂಲಪಾಠವನ್ನು. ಅದರಲ್ಲಿ ಪ್ರತಿಯೊಂದು ಮಾತಿನ ಹಿಂದುಮುಂದು ಟ್ಯಾಗ್ ಎಂಬ ಗುರುತುಗಳಿರುತ್ತವೆ: ಇದು ಶೀರ್ಷಿಕೆ, ಇದು ಪ್ಯಾರಾ, ಇದು ಒತ್ತತಕ್ಕ ಬಟನ್, ಇದು ಬರೆಯತಕ್ಕ ಜಾಗ ಎಂದು. ವ್ಯಾಕರಣವನ್ನು ಓದಿದವರಿಗೆ ಇದು ಹೊಸದಲ್ಲ. ಪಾಣಿನಿಯು ಧಾತುಗಳಿಗೂ ಪ್ರತ್ಯಯಗಳಿಗೂ ಇತ್ ಎಂಬ ಸಂಜ್ಞೆಯುಳ್ಳ ಅಕ್ಷರಗಳನ್ನು ಅಂಟಿಸಿರುವನು. ಅನುಬಂಧಗಳೆಂದೂ ಇವನ್ನು ಕರೆಯುವರು. ‘ಕ್ತ’ ಎಂಬ ಪ್ರತ್ಯಯದ ಕಕಾರವು ‘ಕೃತ’ ಎಂಬ ಸಿದ್ಧಶಬ್ದದಲ್ಲಿ ಕೇಳಿಬರುವುದಿಲ್ಲ. ಆದರೆ ಆ ಕಕಾರವಿದ್ದುದರಿಂದಲೇ ಧಾತುವಿನ ಸ್ವರಕ್ಕೆ ಗುಣ ಬರದೆ ‘ಕೃತ’ ಎಂದು ನಿಂತಿತು. ಟ್ಯಾಗುಗಳೂ ಹಾಗೆಯೇ: ಓದುವವನ ಕಣ್ಣಿಗೆ ಬೀಳುವುದಿಲ್ಲ, ಆದರೆ ಕೆಲಸವೆಲ್ಲ ಅವುಗಳಿಂದಲೇ. ನಮ್ಮ ಹುಡುಗಿಯು ಶೀರ್ಷಿಕೆಯೆಂಬ ಟ್ಯಾಗನ್ನು ಹಾಕದೆ ಅಕ್ಷರಗಳನ್ನು ದಪ್ಪ ಮಾಡಿ ಶೀರ್ಷಿಕೆಯಂತೆ ತೋರಿಸಿದ್ದಳು. ಬಟನ್ ಎಂಬ ಟ್ಯಾಗಿನ ಒಳಗೆ ಹೆಸರನ್ನು ಬರೆಯದೆ ಚಿತ್ರವನ್ನಷ್ಟೇ ಇಟ್ಟಿದ್ದಳು. ಕಣ್ಣಿದ್ದವರಿಗೆ ವ್ಯತ್ಯಾಸ ತಿಳಿಯದು. ಕಿವಿಯಿಂದ ಓದುವವನಿಗೆ ಪುಟವೇ ಇಲ್ಲದಂತಾಯಿತು.

ಅವಳನ್ನು ಬೈಯುವ ಅಧಿಕಾರ ನನಗಿರಲಿಲ್ಲ. ಮೂವತ್ತೈದು ವರ್ಷ ಪಾಠ ಹೇಳಿದವನು ನಾನು. ಕರಿಹಲಗೆಯ ಕಡೆಗೆ ಕೋಲು ತೋರಿಸುತ್ತ, “ಇದು ಇದಕ್ಕೆ ಸೇರಿ ಇದಾಯಿತು, ಇಲ್ಲಿ ನೋಡಿ, ಇದು ಹೋಗಿ ಅದು ಬಂತು” ಎಂದು ಸಂಧಿಯನ್ನು ಬೋಧಿಸುತ್ತಿದ್ದೆನು. ಒಂದು ವರ್ಷ ಹಿಂದಿನ ಬೆಂಚಿನಲ್ಲಿ ದೃಷ್ಟಿ ಮಂದವಾದ ಹುಡುಗನೊಬ್ಬನಿದ್ದನು. ಅವನಿಗೆ ಹಲಗೆ ಕಾಣುವುದಿಲ್ಲವೆಂಬುದು ಮಧ್ಯವಾರ್ಷಿಕ ಪರೀಕ್ಷೆಯ ತನಕ ನನಗೆ ತಿಳಿಯಲಿಲ್ಲ. ದಡ್ಡನೆಂದುಕೊಂಡಿದ್ದೆನು. ಆಮೇಲೆ “ಇಕಾರದ ಸ್ಥಾನದಲ್ಲಿ ಯಕಾರ ಬಂತು” ಎಂದು ಬಾಯಿಬಿಟ್ಟು ಹೇಳುವುದನ್ನು ರೂಢಿಮಾಡಿಕೊಂಡ ಮೇಲೆ ಆ ಹುಡುಗನಿಗೆ ಮಾತ್ರವಲ್ಲ, ತರಗತಿಗೆಲ್ಲ ಪಾಠ ಚೆನ್ನಾಗಿ ಹತ್ತಿತು. “ಇಲ್ಲಿ ಒತ್ತಿ” ಎಂಬ ಲಿಂಕು ನನ್ನ ಹಳೆಯ “ಇಲ್ಲಿ ನೋಡಿ” ಎಂಬುದರ ತಮ್ಮನೇ ಸರಿ.

ವೆಬ್ ಎಂಬುದು ಹುಟ್ಟಿದುದು ಎಲ್ಲರಿಗಾಗಿಯೇ ಎಂಬುದನ್ನು ನಮ್ಮ ತರುಣರು ನೆನಪಿನಲ್ಲಿಡಬೇಕು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. 1993ನೆಯ ಇಸವಿ ಏಪ್ರಿಲ್ 30ರಂದು ಆ ಸಂಸ್ಥೆಯವರು ಅದರ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟರು. ಮಾರನೆಯ ವರ್ಷ, 1994ರಲ್ಲಿ, ವೆಬ್ಬಿನ ಭಾಷೆಗಳಿಗೆ ನಿಯಮಗಳನ್ನು ಗೊತ್ತುಮಾಡುವುದಕ್ಕಾಗಿ ಡಬ್ಲ್ಯು3ಸಿ ಎಂಬ ಮಂಡಲಿಯನ್ನು ಬರ್ನರ್ಸ್-ಲೀಯವರು ಸ್ಥಾಪಿಸಿದರು. ಚಿತ್ರವನ್ನು ಹಾಕಿದಾಗ ಅದರ ವಿವರಣೆಯನ್ನು ‘ಆಲ್ಟ್’ ಎಂಬ ಗುರುತಿನಲ್ಲಿ ಮಾತಿನಲ್ಲಿಯೂ ಬರೆಯತಕ್ಕದ್ದೆಂಬುದನ್ನು 1997ರ ಎಚ್‌ಟಿಎಂಎಲ್ 4.0 ಕಡ್ಡಾಯವಾಗಿ ವಿಧಿಸಿತು. 1999ರಲ್ಲಿ ಇದೇ ಮಂಡಲಿಯವರು ಎಲ್ಲ ಬಗೆಯ ಓದುಗರಿಗೂ ನಿಲುಕುವಂತೆ ಪುಟಗಳನ್ನು ಕಟ್ಟುವ ನಿಯಮಾವಳಿಯನ್ನು ಪ್ರಕಟಿಸಿದರು. ಡಬ್ಲ್ಯುಸಿಎಜಿ ಎಂದು ಅದರ ಸಂಕ್ಷಿಪ್ತನಾಮ. ನಮ್ಮ ಹುಡುಗಿ ಹುಟ್ಟುವುದಕ್ಕೆ ಮೊದಲೇ ವಿಧಿಯಿತ್ತು. ಅವಳ ಪಠ್ಯಕ್ರಮದಲ್ಲಿ ಅದರ ಪಾಠ ಒಂದು ದಿನವೂ ಬಂದಿರಲಿಲ್ಲವಂತೆ.

ಮಾರನೆಯ ದಿನದಿಂದ ಒಂದು ವಾರ ಅವಳು ಬೇರೆ ಕೆಲಸಗಳನ್ನು ಬದಿಗಿಟ್ಟು ತಿದ್ದಲು ಕುಳಿತಳು. ಮೊದಲನೆಯ ಪಾಠವನ್ನು ನನ್ನ ಶಿಷ್ಯನೇ ಹೇಳಿಕೊಟ್ಟನು: “ತಾಯಿ, ಟಾಕ್‌ಬ್ಯಾಕ್ ಹಾಕಿಕೊಂಡು ಕಣ್ಣಿಗೆ ಒಂದು ವಸ್ತ್ರ ಕಟ್ಟಿಕೊ, ಆಮೇಲೆ ನಿನ್ನ ಪುಟದಲ್ಲೇ ಐನೂರು ರೂಪಾಯಿ ಕಂತು ಕಟ್ಟು ನೋಡೋಣ.” ಅವಳು ಅರ್ಧ ಗಂಟೆ ಹೆಣಗಿ ಸೋತು ವಸ್ತ್ರವನ್ನು ಬಿಚ್ಚಿದಳು. ಅಲ್ಲಿಂದ ಮುಂದಕ್ಕೆ ಅವಳಿಗೆ ಯಾರೂ ಉಪದೇಶ ಮಾಡಬೇಕಾಗಲಿಲ್ಲ.

ಅವಳು ಮಾಡಿದ ತಿದ್ದುಪಡಿಗಳನ್ನು ಕ್ರಮವಾಗಿ ಹೇಳುತ್ತೇನೆ. ಇದೇ ಕಸಬಿನಲ್ಲಿರುವ ನಿಮ್ಮ ಮನೆಯ ಮಕ್ಕಳಿಗೆ ಉಪಯೋಗವಾದೀತು.

ಒಂದನೆಯದು, ಪುಟವು ಕನ್ನಡದಲ್ಲಿದೆಯೆಂಬುದನ್ನು ಎಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲಿಯೇ ‘ಲ್ಯಾಂಗ್’ ಎಂಬ ಗುರುತಿನಿಂದ ಸೂಚಿಸಿದಳು. ಕನ್ನಡಕ್ಕೆ ‘ಕೆಎನ್’ ಎಂಬೆರಡು ಅಕ್ಷರಗಳ ಸಂಕೇತ. ಅವಳು ಅಭ್ಯಾಸಬಲದಿಂದ ಇಂಗ್ಲಿಷಿನ ಸಂಕೇತವನ್ನೇ ಬಿಟ್ಟಿದ್ದಳು. ಹಾಗೆ ಬಿಟ್ಟರೆ ಓದುವ ತಂತ್ರಾಂಶವು ಕನ್ನಡ ಪಾಠಕ್ಕೆ ಇಂಗ್ಲಿಷ್ ಧ್ವನಿಯನ್ನು ಹಚ್ಚಿ ತೊದಲುವ ಸಂಭವವುಂಟು.

ಎರಡನೆಯದು, ಬರೆಯತಕ್ಕ ಜಾಗಗಳಿಗೆಲ್ಲ ‘ಲೇಬಲ್’ ಎಂಬ ಟ್ಯಾಗಿನಿಂದ ಹೆಸರುಕೊಟ್ಟಳು: ಸದಸ್ಯತ್ವದ ಸಂಖ್ಯೆ, ಕಂತಿನ ಮೊತ್ತ ಎಂದು. ಬಟನುಗಳಿಗೆ “ಬಾಕಿ ನೋಡಿ”, “ಕಂತು ಕಟ್ಟಿ” ಎಂಬ ಹೆಸರುಗಳು ಬಂದುವು. “ಇಲ್ಲಿ ಒತ್ತಿ” ಎಂಬುದೆಲ್ಲ ಹೋಗಿ, “ಸಾಲದ ಅರ್ಜಿಯನ್ನು ತೆರೆಯಿರಿ” ಎಂದಾಯಿತು.

ಮೂರನೆಯದು ಚಿತ್ರಗಳ ಮಾತು. ಮೇಲ್ಗಡೆಯ ಹಸುರು ಗದ್ದೆ ಬರಿಯ ಅಲಂಕಾರ. ಅಂಥ ಚಿತ್ರಕ್ಕೆ ಆಲ್ಟನ್ನು ಹಾಕಿ ಅದನ್ನು ಬರಿದಾಗಿ ಬಿಡತಕ್ಕದ್ದು. ಆಗ ತಂತ್ರಾಂಶವು ಅದನ್ನು ಮೌನವಾಗಿ ದಾಟಿಹೋಗುತ್ತದೆ. ಆಲ್ಟನ್ನೇ ಹಾಕದಿದ್ದರೆ ಕಡತದ ಹೆಸರನ್ನೋ ಬರಿಯ “ಚಿತ್ರ” ಎಂಬುದನ್ನೋ ಒದರುತ್ತದೆ. ಸಂಘದ ಪ್ರಕಟಣೆಗಳಾದರೋ ಕಾಗದದ ಮೇಲೆ ಬರೆದು ಮೊಹರು ಹಾಕಿ ಫೋಟೋ ತೆಗೆದವುಗಳು. ನಮ್ಮ ನಾಡಿನ ಅನೇಕ ವೆಬ್‌ಸೈಟುಗಳಲ್ಲಿ ಇದೇ ಪದ್ಧತಿ. ಅವನ್ನೆಲ್ಲ ಅವಳು ಅಕ್ಷರಗಳಲ್ಲಿ ಮತ್ತೆ ಬೆರಳಚ್ಚು ಮಾಡಿದಳು.

ನಾಲ್ಕನೆಯದು, ಸಂಘದ ನಿಯಮಗಳ ಹಳೆಯ ಕಡತ. ಇದು ಕನ್ನಡಕ್ಕೆ ವಿಶೇಷವಾಗಿ ಸಂಬಂಧಪಟ್ಟದ್ದು. ಹಿಂದಿನ ಕೆಲವು ಕನ್ನಡ ಫಾಂಟುಗಳಲ್ಲಿ ಒಳಗಡೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟು ಮೇಲೆ ಕನ್ನಡದ ಆಕಾರವನ್ನು ತೊಡಿಸುತ್ತಿದ್ದರು. ಕಣ್ಣಿಗೆ ಅದು ಶುದ್ಧ ಕನ್ನಡ. ಯಂತ್ರದ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಎಂಬ ಏರ್ಪಾಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಅದರದೇ ಆದ 128 ಸ್ಥಾನಗಳ ಒಂದು ಕೋಷ್ಠಕವಿದೆ. ಆ ಕಡತವನ್ನು ಅವಳು ಯೂನಿಕೋಡಿಗೆ ಪರಿವರ್ತಿಸಿದಳು. ಆಗ ನಿಯಮಗಳು ಮೊದಲ ಬಾರಿಗೆ ಬಾಯಿಬಿಟ್ಟುವು.

ಐದನೆಯದು, ನನ್ನಂಥವರಿಗಾಗಿ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಇರುವ ಹೊಳಪಿನ ಅಂತರವು ಸಾಮಾನ್ಯ ಗಾತ್ರದ ಬರಹಕ್ಕೆ 4.5ಕ್ಕೆ 1ರ ಪ್ರಮಾಣಕ್ಕಿಂತ ಕಡಮೆಯಾಗಬಾರದೆಂದು ಮೇಲೆ ಹೇಳಿದ ನಿಯಮಾವಳಿಯ ಮಧ್ಯಮ ದರ್ಜೆಯಲ್ಲಿದೆ. ಅವಳ ಬೂದುಬಣ್ಣ ಅದಕ್ಕಿಂತ ಕೆಳಗಿತ್ತು. ಹಾಗಾದರೆ ದೋಷ ನನ್ನ ಕನ್ನಡಕದ್ದಲ್ಲ! ಇದರೊಡನೆ ಸಾಲುಗಳ ನಡುವಣ ಅಂತರವನ್ನೂ ಹೆಚ್ಚಿಸಿದಳು. ಇಂಗ್ಲಿಷಿಗೆ ಸಾಕಾಗುವ ಅಂತರವು ಕೆಳಗೆ ಒತ್ತಕ್ಷರಗಳು ಇಳಿಬೀಳುವ ನಮ್ಮ ಲಿಪಿಗೆ ಸಾಲದು. ಎತ್ತರವನ್ನು ಬಿಗಿಯಾಗಿ ಗೊತ್ತುಮಾಡಿದ ಪೆಟ್ಟಿಗೆಗಳಲ್ಲಿ ಒತ್ತುಗಳ ಕಾಲು ಕತ್ತರಿಸಿಹೋಗುವುದನ್ನು ನೀವೂ ಕಂಡಿರಬಹುದು.

ಆರನೆಯದು, ವೇಳೆಯ ಮಾತು. ಎರಡು ನಿಮಿಷಗಳಲ್ಲಿ ಮುಗಿಸದಿದ್ದರೆ ಪುಟವು ಎಲ್ಲವನ್ನೂ ಮರೆತು ಸದಸ್ಯನನ್ನು ಹೊರಗೆ ಕಳುಹಿಸುತ್ತಿತ್ತು. ಕಿವಿಯಿಂದ ಓದುವವನಿಗೆ ಅದು ಸಾಲುವುದೆಂತು? “ಇನ್ನೂ ಸಮಯ ಬೇಕೇ?” ಎಂದು ಕೇಳುವಂತೆ ಮಾಡಿದಳು. ವಕ್ರಾಕ್ಷರಗಳ ಚಿತ್ರವನ್ನು ನೋಡಿ ನಕಲು ಮಾಡೆಂಬ ಪರೀಕ್ಷೆಯನ್ನೂ ತೆಗೆದುಹಾಕಿದಳು.

ಇಷ್ಟಾದ ಮೇಲೆ ಸಂಘದ ಕಾರ್ಯದರ್ಶಿಗಳು, “ಒಬ್ಬ ಸದಸ್ಯನಿಗಾಗಿ ಇಷ್ಟೆಲ್ಲ ಯಾಕಮ್ಮ?” ಎಂದು ಕೇಳಿದರಂತೆ. ಕೆಟ್ಟ ಮನಸ್ಸಿನಿಂದ ಕೇಳಿದ ಪ್ರಶ್ನೆಯಲ್ಲ. ಆದುದರಿಂದ ಉತ್ತರ ಕೊಡಬೇಕಾದದ್ದೇ. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಅಂಗವೈಕಲ್ಯವುಳ್ಳವರು 2 ಕೋಟಿ 68 ಲಕ್ಷ ಮಂದಿಯೆಂದು ಎಣಿಕೆಯಾಯಿತು. ಅವರಲ್ಲಿ ದೃಷ್ಟಿಯ ತೊಂದರೆಯುಳ್ಳವರೇ 50 ಲಕ್ಷಕ್ಕೆ ಮೇಲ್ಪಟ್ಟವರು. ಪೊರೆ ಬಂದ ಕಣ್ಣಿನವರು, ಕೈ ನಡುಗುವ ಮುದುಕರು, ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತು ಮೊಬೈಲು ನೋಡುವ ಒಕ್ಕಲಿಗರು, ಮಗುವನ್ನು ಒಂದು ಕೈಯಲ್ಲೆತ್ತಿಕೊಂಡು ಇನ್ನೊಂದರಿಂದ ಅರ್ಜಿ ತುಂಬುವ ತಾಯಂದಿರು ಇವರೆಲ್ಲರಿಗೂ ಅವೇ ತಿದ್ದುಪಡಿಗಳಿಂದ ಅನುಕೂಲ. ಕಣ್ಣು ಚೆನ್ನಾಗಿರುವುದೆಂಬುದು ನಮ್ಮಲ್ಲಿ ಯಾರಿಗೂ ಶಾಶ್ವತವಾದ ಆಸ್ತಿಯಲ್ಲವೆಂಬುದನ್ನು ಅರವತ್ತರ ವಯಸ್ಸಿನವನಾದ ನಾನು ಬೇರೆ ಹೇಳಬೇಕೆ?

ಇದು ದಯೆಯ ಮಾತು ಮಾತ್ರವಲ್ಲ, ಹಕ್ಕಿನ ಮಾತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ ಮಾಹಿತಿ ಮತ್ತು ಸಂಪರ್ಕ ಸಾಧನಗಳು ಅವರಿಗೆ ನಿಲುಕುವಂತಿರಬೇಕೆಂಬ ವಿಧಿಯಿದೆ. 2025ನೆಯ ಇಸವಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಇನ್ನೂ ಮುಂದೆ ಹೋಗಿ, ಇಂಥ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ತೀರ್ಪಿತ್ತಿತು. ಆಸಿಡ್ ದಾಳಿಗೆ ತುತ್ತಾದವರೂ ದೃಷ್ಟಿಹೀನರೂ ಹೂಡಿದ ಮೊಕದ್ದಮೆಗಳವು. ಬ್ಯಾಂಕಿನ ಖಾತೆಗಾಗಿ ಗುರುತನ್ನು ರುಜುವಾತುಪಡಿಸುವಾಗ ಕ್ಯಾಮರದ ಮುಂದೆ ರೆಪ್ಪೆ ಮಿಟುಕಿಸಬೇಕೆಂದರೆ ರೆಪ್ಪೆಯೇ ಸುಟ್ಟುಹೋದವರು ಏನು ಮಾಡಬೇಕು? ನ್ಯಾಯಾಲಯವು ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು. ತೀರ್ಪು ಬಂದ ದಿನವೂ ಏಪ್ರಿಲ್ 30. ಜಿನೀವಾದವರು ವೆಬ್ಬನ್ನು ಲೋಕಕ್ಕೆ ಒಪ್ಪಿಸಿ ಅಂದಿಗೆ ಸರಿಯಾಗಿ ಮೂವತ್ತೆರಡು ವರ್ಷಗಳಾಗಿದ್ದುವು.

ಇನ್ನು ಈ ಕಸಬಿನವರಿಗೆ ಬೇಕಾದ ಕೆಲವು ವರ್ತಮಾನಗಳನ್ನೂ ಸಾಧನಗಳನ್ನೂ ತಿಳಿಸಿ ಮುಗಿಸುತ್ತೇನೆ.

ಡಬ್ಲ್ಯುಸಿಎಜಿ ನಿಯಮಾವಳಿಯ 2.2 ಎಂಬ ಆವೃತ್ತಿಯು 2023ನೆಯ ಅಕ್ಟೋಬರಿನಲ್ಲಿ ಹೊರಬಿದ್ದಿದೆ. ಬೆರಳಿನಿಂದ ಒತ್ತತಕ್ಕ ಜಾಗವು ಅಗಲದಲ್ಲಿಯೂ ಎತ್ತರದಲ್ಲಿಯೂ 24 ಪಿಕ್ಸೆಲುಗಳಿಗೆ ಕಡಮೆಯಿರಬಾರದು, ಇಲ್ಲವೆ ಸುತ್ತ ಸಾಕಷ್ಟು ತೆರಪಿರಬೇಕು ಎಂಬುದು ಅದರ ಹೊಸ ವಿಧಿಗಳಲ್ಲೊಂದು. ಸರ್ಕಾರದ ವೆಬ್‌ಸೈಟುಗಳನ್ನು ಕಟ್ಟುವವರಿಗಾಗಿ ಭಾರತ ಸರ್ಕಾರವು 2009ರಲ್ಲಿ ಜಿಐಜಿಡಬ್ಲ್ಯು ಎಂಬ ಮಾರ್ಗದರ್ಶಿಯನ್ನು ಪ್ರಕಟಿಸಿತು, ಅದರ 3.0 ಆವೃತ್ತಿಯು 2023ರಲ್ಲಿ ಬಂದಿದೆ. ಪರದೇಶದ ಕಂಪೆನಿಗಳಿಗೆ ಕೆಲಸಮಾಡುವ ನಮ್ಮ ತರುಣರು ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ಐರೋಪ್ಯ ಒಕ್ಕೂಟದಲ್ಲಿ ಇದೇ ಉದ್ದೇಶದ ಕಾಯಿದೆಯೊಂದು 2025ನೆಯ ಜೂನ್ 28ರಿಂದ ಅನ್ವಯಕ್ಕೆ ಬಂದಿದೆ. ಅಲ್ಲಿನ ಗ್ರಾಹಕರಿಗೆ ಮಾರುವ ಅಂಗಡಿಗಳೂ ಬ್ಯಾಂಕುಗಳೂ ಅದಕ್ಕೊಳಪಟ್ಟಿವೆ.

ಕಲಿಯುವುದಕ್ಕೆ ಹಣ ಬೇಕಾಗಿಲ್ಲ. ಎಂಡಿಎನ್ ಎಂಬ ಹೆಸರಿನಲ್ಲಿ ಮೊಜಿಲ್ಲಾ ಸಂಸ್ಥೆಯವರು 2005ರಲ್ಲಿ ಆರಂಭಿಸಿದ ಉಚಿತ ಗ್ರಂಥಭಂಡಾರವು ಇಂಗ್ಲಿಷಿನಲ್ಲಿದೆ. ಪ್ರತಿಯೊಂದು ಟ್ಯಾಗಿನ ಲಕ್ಷಣವನ್ನೂ ಉದಾಹರಣೆಗಳೊಡನೆ ಕೋಶದಂತೆ ಅಲ್ಲಿ ನೋಡಬಹುದು. ಪುಟದಲ್ಲಿನ ಲೋಪಗಳನ್ನು ಹುಡುಕಿ ತೋರಿಸುವುದಕ್ಕೆ ವೇವ್ ಎಂಬ ಸಾಧನವೂ, ಕ್ರೋಮ್ ಬ್ರೌಸರಿನ ಒಳಗೇ ಇರುವ ಲೈಟ್‌ಹೌಸ್ ಎಂಬುದೂ ಇವೆ. ಕನ್ನಡದ ಅಕ್ಷರಗಳಿಗೆ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎಂಬ ಫಾಂಟುಗಳು ಮುಕ್ತವಾಗಿ ದೊರೆಯುತ್ತವೆ. ಆದರೆ ಒಂದು ಎಚ್ಚರಿಕೆ: ಯಂತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದ ಪುಟವೆಲ್ಲ ಒಳ್ಳೆಯ ಪುಟವಲ್ಲ. ಆಲ್ಟ್ ಇದೆಯೇ ಎಂಬುದನ್ನು ಯಂತ್ರ ಹೇಳೀತು. ಬರೆದ ವಿವರಣೆ ಆ ಚಿತ್ರಕ್ಕೆ ಹೊಂದುವುದೇ ಎಂಬುದನ್ನು ಕೇಳುವ ಮನುಷ್ಯನೇ ಹೇಳಬೇಕು.

ವೇವ್ ಸಾಧನವನ್ನು ಮಾಡಿದ ವೆಬ್‌ಏಮ್ ಎಂಬವರು ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿರುವರು. 2019ರಿಂದ ವರ್ಷಕ್ಕೊಮ್ಮೆ ಹತ್ತು ಲಕ್ಷ ವೆಬ್‌ಸೈಟುಗಳ ಮೊದಲ ಪುಟವನ್ನು ಯಂತ್ರದಿಂದ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸುತ್ತ ಬಂದಿರುವರು. 2025ರ ಪರೀಕ್ಷೆಯಲ್ಲಿ ನೂರಕ್ಕೆ 94.8 ಪುಟಗಳಲ್ಲಿ ಒಂದಾದರೂ ಲೋಪ ಸಿಕ್ಕಿತು. ಅತಿ ಸಾಮಾನ್ಯವಾದುವು ಆರು: ಮಸುಕಾದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಬರೆಯುವ ಜಾಗ, ಬರಿದಾದ ಲಿಂಕು, ಬರಿದಾದ ಬಟನು, ಯಾವ ಭಾಷೆಯೆಂದು ಸೂಚಿಸದಿರುವುದು. ಇದನ್ನು ಓದಿದಾಗ ನಮ್ಮ ಹುಡುಗಿಗೆ ಕೊಂಚ ಸಮಾಧಾನವಾಯಿತು. ಅವಳ ತಪ್ಪುಗಳು ದೊಡ್ಡದೊಡ್ಡವರ ತಪ್ಪುಗಳೇ. ಆರಕ್ಕೆ ಆರೂ ಒಂದೆರಡು ಸಾಲುಗಳಲ್ಲಿ ತಿದ್ದಬಹುದಾದವುಗಳೆಂಬುದು ಸಮಾಧಾನಕ್ಕಿಂತ ಹೆಚ್ಚಾಗಿ ವ್ಯಸನಕ್ಕೆ ಕಾರಣವಾದ ಸಂಗತಿ.

ಆ ವಾರದ ಕೆಲಸಕ್ಕೆ ಅವಳು ಸಂಘದಿಂದ ಹಣವನ್ನು ಕೇಳಲಿಲ್ಲ. “ಮೊದಲೇ ಮಾಡಬೇಕಾಗಿದ್ದ ಕೆಲಸಕ್ಕೆ ಎರಡನೆಯ ಸಲ ಹೇಗೆ ಕೇಳಲಿ, ದೊಡ್ಡಪ್ಪ? ಮೊದಲೇ ಗೊತ್ತಿದ್ದರೆ ಒಂದು ದಿನವೂ ಹೆಚ್ಚಾಗುತ್ತಿರಲಿಲ್ಲ” ಎಂದಳು. ಗೃಹಸ್ಥರಲ್ಲಿ ನನ್ನ ಬಿನ್ನಹವೂ ಇಷ್ಟೆ. ನಿಮ್ಮ ಮನೆಯಲ್ಲಿ ಈ ಕಸಬಿನ ಮಕ್ಕಳಿದ್ದರೆ ಅವರು ಕಟ್ಟಿದ ಪುಟವನ್ನು ತೋರಿಸಲು ಬಂದಾಗ, ಭೇಷ್ ಎನ್ನುವುದಕ್ಕೆ ಮೊದಲು, “ಒಂದು ಸಲ ಕಣ್ಣುಮುಚ್ಚಿ ಕೇಳೋಣ, ಮಗು” ಎನ್ನಿರಿ.

ನನ್ನ ಶಿಷ್ಯನು ಮುಂದಿನ ತಿಂಗಳು ಮೊದಲನೆಯ ತಾರೀಖಿನಂದು ಬಂದು ಜಗಲಿಯ ಮೇಲೆ ಕುಳಿತನು. ಕಿವಿಗೆ ಒಂದು ಸಣ್ಣ ಇಯರ್‌ಫೋನನ್ನು ಸಿಕ್ಕಿಸಿಕೊಂಡು ಬೆರಳನ್ನು ಆಡಿಸುತ್ತ ಸ್ವಲ್ಪ ಹೊತ್ತು ತಲೆಬಗ್ಗಿಸಿಕೊಂಡಿದ್ದನು. ಎರಡು ಸಲ ತಟ್ಟಿ, ಮೊಬೈಲನ್ನು ಜೇಬಿಗೆ ಹಾಕಿಕೊಂಡು, “ಕಟ್ಟಿದೆ ಮೇಷ್ಟ್ರೇ” ಎಂದನು. ಇನ್ನು ಎಷ್ಟು ಬಾಕಿಯೆಂದು ನಾನು ಕೇಳಲಿಲ್ಲ; ಅವನೂ ಹೇಳಲಿಲ್ಲ.